ಐದು ಬೆರಳಿನ ಮಾತು

ನಮ್ಮೂರಿನಲ್ಲಿ ಎಷ್ಟು ಓಣಿಗಳಿವೆಯೋ ಅಷ್ಟು ಭಾಷೆಗಳಿವೆ. ಅಷ್ಟನ್ನೂ ಬಲ್ಲವನು ನಾನೊಬ್ಬನೇ. ಇದನ್ನು ನಾನೇ ಹೇಳಿಕೊಳ್ಳಬಾರದು, ಒಪ್ಪುತ್ತೇನೆ. ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಆ ಭಾರವೂ ನನ್ನ ತಲೆಯ ಮೇಲೆಯೇ ಬಿದ್ದಿದೆ. ನನ್ನ ಹೆಸರು ಗುರುಪಾದ. ಕಲಾಯಿ ಗುರುಪಾದ ಎಂದರೆ ಸಾಕು, ತೊಟ್ಟಿಲಲ್ಲಿರುವ ಕೂಸು ಕೂಡ ನಮ್ಮ ಮನೆಯ ಕಡೆ ಕಾಲು ಚಾಚಿ ದಾರಿ ತೋರಿಸುತ್ತದೆ. ತಿದಿ, ಇದ್ದಿಲು, ನವಸಾಗರದ ಪುಡಿ ಹೆಗಲಿಗೇರಿಸಿಕೊಂಡು ಓಣಿ ಓಣಿ ತಿರುಗಿ ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರದ ಕಲಾಯಿ ಹಾಕುವುದು ನನ್ನ ಕಸುಬು. ಒಮ್ಮೆ ನಾನು ಕಲಾಯಿ ಹಾಕಿದ, ಅಗಲ ಹರಿವಾಣದಂಥ ಪರಾತವೊಂದನ್ನು ಹಿತ್ತಲಿನಲ್ಲಿ ಆರಲು ಇಟ್ಟಿದ್ದಾಗ, ಸೂರ್ಯ ಇಲ್ಲಿಯೇ ಹುಟ್ಟಿದನೆಂದು ತಿಳಿದು ಓಣಿಯ ಕೋಳಿಗಳೆಲ್ಲ ಅದರ ಸುತ್ತ ನಿಂತು ಸಂಜೆಯವರೆಗೆ ಕೂಗಿದವು. ಆ ಕೋಳಿಗಳ ಗಂಟಲು ಇವತ್ತಿಗೂ ಸರಿಹೋಗಿಲ್ಲ.

ನಮ್ಮೂರಿನ ಪದ್ಧತಿ ನಿಮಗೆ ತಿಳಿದಿರಲಿಕ್ಕಿಲ್ಲ. ಒಂದು ಓಣಿಯವರಿಗೆ ಇನ್ನೊಂದು ಓಣಿಯ ಮಾತು ಐದಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಆರನೆಯದನ್ನು ಕಲಿತ ಕ್ಷಣವೇ ಮೊದಲಿನ ಐದರಲ್ಲೊಂದು ಜಾರಿ ಹೋಗುತ್ತದೆ. ಆಡಲಿಕ್ಕೂ ಐದೇ, ಕೇಳಿ ತಿಳಿಯಲಿಕ್ಕೂ ಐದೇ. ಉಳಿದದ್ದೆಲ್ಲ ಬಾಣಲೆಯಲ್ಲಿ ಸಾಸಿವೆ ಸಿಡಿದ ಸದ್ದು. ಹಾಗಾಗಿ ನಮ್ಮಲ್ಲಿ ಮಕ್ಕಳ ಅಂಗೈ ಬಿಡಿಸಿ, ಬೆರಳಿಗೊಂದರಂತೆ ಪಕ್ಕದ ಓಣಿಯ ಮಾತು ಕಲಿಸುತ್ತಾರೆ. ಹೆಬ್ಬೆರಳಿಗೆ ‘ನೀರು ಕೊಡಿ.’ ತೋರುಬೆರಳಿಗೆ ‘ದಾರಿ ಯಾವ ಕಡೆ?’ ನಡುಬೆರಳಿಗೆ ‘ಎಷ್ಟು?’ ಉಂಗುರಬೆರಳಿಗೆ ‘ನನಗೆ ಮೈ ಸರಿಯಿಲ್ಲ.’ ಇವು ನಾಲ್ಕು ಇದ್ದರೆ ಬೇರೆ ಓಣಿಗೆ ಹೋದ ಮನುಷ್ಯ ಜೀವಸಹಿತ ಮನೆಗೆ ಮರಳುತ್ತಾನೆ. ಕಿರುಬೆರಳು ಮಾತ್ರ ಅವರವರ ಇಷ್ಟ. ನಮ್ಮ ಹುಣಸೆ ಓಣಿಯ ಅಗಸರ ತಿಪ್ಪಣ್ಣ ‘ಮೊದಲು ನಿಮ್ಮ ನಾಯಿ ಕಟ್ಟಿ’ ಎಂಬುದನ್ನು ಹನ್ನೆರಡು ಭಾಷೆಗಳಲ್ಲಿ ಬಲ್ಲ. ನಮ್ಮ ಶಾಲೆಯ ಮಾಸ್ತರು ಎಲ್ಲಿಗೆ ಹೋದರೂ ‘ನಾನು ಹಾಗೆ ಹೇಳಲೇ ಇಲ್ಲ’ ಎಂಬುದನ್ನು ಜೊತೆಗೊಯ್ಯುತ್ತಾರೆ. ಕುಂಬಾರರ ಹುಡುಗನೊಬ್ಬ ಪಕ್ಕದ ಓಣಿಯ ಹುಡುಗಿಗಾಗಿ ‘ನಿಮ್ಮ ಬಾವಿಯ ನೀರು ಬಹಳ ಸಿಹಿ’ ಎಂಬುದನ್ನು ಕಲಿತು, ಅದೊಂದೇ ಮಾತಿನ ಬಲದಿಂದ ಮದುವೆಯಾದ. ಮೊದಲ ವರ್ಷವೆಲ್ಲ ಗಂಡ ಹೆಂಡತಿಯ ನಡುವೆ ಬಾವಿಯ ವಿಷಯ ಬಿಟ್ಟು ಬೇರೆ ವಿಷಯವಿರಲಿಲ್ಲ. ಅಷ್ಟು ಸುಖದ ಸಂಸಾರವನ್ನು ನಾನು ಈ ಮೂರು ಲೋಕದಲ್ಲಿ ಕಂಡಿಲ್ಲ.

ಇನ್ನೊಂದಿದೆ. ಬೇರೆ ಓಣಿಯ ಸೂರಿನ ಕೆಳಗೆ ಒಂದು ಚಳಿಗಾಲ, ಒಂದು ಬೇಸಿಗೆ ಮಲಗಿ ಎದ್ದರೆ ಆ ಓಣಿಯ ಮಾತು ಪೂರ್ತಿಯಾಗಿ ನಾಲಿಗೆಯ ಮೇಲೆ ಬಂದು ಕೂರುತ್ತದೆ. ಆಗ ಹುಟ್ಟಿದ ಓಣಿಯ ಮಾತು ಕರಗಿ, ಅದರಲ್ಲಿಯೂ ಐದೇ ಉಳಿಯುತ್ತವೆ. ನಾವು ಇದಕ್ಕೆ ನಾಲಿಗೆ ಹೊರಳುವುದು ಎನ್ನುತ್ತೇವೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಪಾಡೆಲ್ಲ ಇದೇ. ಅದಕ್ಕೇ ಮಗಳನ್ನು ಕಳಿಸುವ ಮೊದಲು ತಾಯಿ ಮಗಳು ಕೂತು, ಯಾವ ಐದನ್ನು ಉಳಿಸಿಕೊಳ್ಳಬೇಕೆಂದು ಗೊತ್ತುಮಾಡುತ್ತಾರೆ. ಹುಡುಗಿ ಅವನ್ನು ದಿನಾ ಬಾಯಲ್ಲಿ ಹಾಕಿಕೊಂಡು ಹೊರಳಿಸುತ್ತಿದ್ದರೆ ಅವು ಹೋಗುವುದಿಲ್ಲ.

ನನ್ನ ಅಕ್ಕ ಹೊನ್ನವ್ವ. ಗಂಡ ತೀರಿಹೋದ ಮೇಲೆ ಅವಳ ಮನೆಯಲ್ಲಿ ಅವಳು, ಅವಳ ಒಬ್ಬಳೇ ಮಗಳು ಸಾವಂತ್ರಿ, ಮತ್ತು ನಾನು. ಹೊನ್ನವ್ವ ಶಾವಿಗೆ ಹೊಸೆದು ಮಾರುತ್ತಾಳೆ. ಎಂಥ ಶಾವಿಗೆ! ಒಂದು ಎಳೆಯನ್ನು ಸೂಜಿಗೆ ಪೋಣಿಸಿ ನಾನು ಅಂಗಿ ಹೊಲಿದುಕೊಂಡಿದ್ದೇನೆ. ಮಳೆಯಲ್ಲಿ ನೆನೆದ ದಿನ ಸ್ವಲ್ಪ ಮೆತ್ತಗಾಯಿತು, ಅಷ್ಟೇ. ಸಾವಂತ್ರಿಯನ್ನು ಊರಿನ ಆ ತುದಿಯ ಸುಣ್ಣದ ಓಣಿಗೆ ಕೊಟ್ಟು ಮದುವೆ ಮಾಡಿದೆವು. ಗಂಡ ಒಳ್ಳೆಯವನು, ಸುಣ್ಣದ ಭಟ್ಟಿ ಇಟ್ಟುಕೊಂಡವನು. ನಡುವೆ ಚಳಿಗಾಲ ಬಂತು, ಬೇಸಿಗೆ ಬಂತು. ಹುಡುಗಿಯ ನಾಲಿಗೆ ಹೊರಳಿತು.

ಆ ವರ್ಷ ಪಂಚಮಿಗೆಂದು ಅವಳು ಮನೆಗೆ ಬಂದಾಗ ಹೊಸ್ತಿಲಲ್ಲಿ ನಿಂತು, “ಅವ್ವಾ, ನಾ ಬಂದೆ” ಅಂದಳು. ಒಳಗೆ ಬಂದವಳೇ, “ಹಸಿವಾಗೇತಿ.” ಹೊನ್ನವ್ವ ರೊಟ್ಟಿ ಹಾಕಿದಳು. “ಉಪ್ಪಿನಕಾಯಿ ಐತೇನು?” ಅದನ್ನೂ ಹಾಕಿದಳು. ಉಂಡು ಕೈತೊಳೆದು ತಾಯಿಯ ಮುಂದೆ ಬೆನ್ನುಮಾಡಿ ಕೂತು, “ತಲೀ ಬಾಚು” ಅಂದಳು. ಹೊನ್ನವ್ವ ಬಾಚುತ್ತಿರುವಾಗ ಅವಳು ನನ್ನ ಕಡೆ ನೋಡಿ, ಕಣ್ಣು ಮಿಟುಕಿಸಿ, ಉಳಿದ ಒಂದನ್ನೂ ಖರ್ಚು ಮಾಡಿದಳು.

“ಮಾಮಾ ಸುಳ್ಳ ಹೇಳ್ತಾನ.”

ನೋಡಿ, ಒಂದು ಇಡೀ ಭಾಷೆಯಲ್ಲಿ ಐದೇ ಮಾತು ಉಳಿಸಿಕೊಳ್ಳಬಹುದೆಂದಾಗ ಅದರಲ್ಲೊಂದನ್ನು ನನಗಾಗಿ ಎತ್ತಿಟ್ಟ ಹುಡುಗಿ ಅದು. ಅಂಥ ಮರ್ಯಾದೆ ಬೇರೆ ಯಾವ ಸೋದರಮಾವನಿಗೆ ಸಿಕ್ಕಿದೆಯೋ ಬಂದು ಹೇಳಲಿ.

ಆಮೇಲೆ ಅವಳು ತಾಯಿಯ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಹೊನ್ನವ್ವನ ಬಾಚಣಿಕೆ ಕೆಳಗೆ ಬಿತ್ತು. ಸಾವಂತ್ರಿ ಸುಣ್ಣದ ಓಣಿಯ ಮಾತಿನಲ್ಲಿ ಏನೇನೋ ಹೇಳತೊಡಗಿದಳು. ನಡುವೆ ನಕ್ಕಳು, ನಡುವೆ ಕಣ್ಣು ಒರೆಸಿಕೊಂಡಳು, ಮತ್ತೆ ಹೇಳಿದಳು. ಸಾಸಿವೆ ಸಿಡಿಯುತ್ತಲೇ ಇತ್ತು. ಹೊನ್ನವ್ವ ಮಗಳ ಬಾಯನ್ನೇ ನೋಡುತ್ತ, ಎಲ್ಲಿ ನಗಬೇಕೋ ಎಲ್ಲಿ ಅಳಬೇಕೋ ತಿಳಿಯದೆ ಎರಡನ್ನೂ ಮಾಡುತ್ತ ಕೂತಿದ್ದಳು.

ಮಗಳು ಮರಳಿ ಹೋದ ಮೇಲೆ ಅವಳು ಶಾವಿಗೆಯ ಮಣೆಯ ಮುಂದೆ ಕೂತಳು, ಆದರೆ ಹೊಸೆಯಲಿಲ್ಲ.

“ತಮ್ಮಾ, ಆಕಿ ಅಷ್ಟೊತ್ತು ಏನ ಹೇಳಿದ್ಲೋ?”

“ಬಾಳ ಚಲೋ ಅದೀನಿ ಅಂದ್ಲು.”

“ಕಣ್ಣಾಗ ನೀರ ಬಂದಿದ್ದೂವಲ್ಲ?”

“ಸುಣ್ಣದ ಓಣಿ ಅಲ್ಲೇನ ಅಕ್ಕಾ. ಗಾಳ್ಯಾಗ ಸುಣ್ಣ ಇರ್ತೈತಿ. ಅಲ್ಲಿ ಮಂದಿ ನಕ್ಕರೂ ಕಣ್ಣಾಗ ನೀರ ಬರ್ತಾವು.”

“ಸುಮ್ನಿರೋ. ಆಕಿಗೆ ಹೆರಿಗಿ ಅಂಜಿಕಿ ಐತೋ ಇಲ್ಲೋ, ಎದಿ ಉರೀತೈತೋ ಏನ, ಅತ್ತಿ ಬೈತಾಳೋ ಹ್ಯಾಂಗ, ಒಂದಾದ್ರೂ ಕೇಳಾಕ ಬಾಯಿ ಐತೇನ ನನಗ? ಉಪ್ಪಿನಕಾಯಿ ಅಂದ್ರ ಉಪ್ಪಿನಕಾಯಿ ಹಾಕೂದು, ತಲಿ ಬಾಚು ಅಂದ್ರ ಬಾಚೂದು. ಹಿಂಗ ತಾಯಿ ಮಗಳು ಇರೂದು?” ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾ ಆಕೀನ ಬಾಣಂತನಕ್ಕ ಕರಕೊಂಡ ಬರ್ತೀನಿ. ಚಳಿಗಾಲ, ಬ್ಯಾಸಿಗಿ ಇಲ್ಲೇ ಇರ್ಲಿ. ನಾಲಿಗಿ ಹೊಳ್ಳತೈತಿ. ಒಮ್ಮೆ ಬಾಯ್ತುಂಬ ಮಾತಾಡ್ಬೇಕು ನಾ ನನ್ನ ಮಗಳ ಕೂಡ. ಒಮ್ಮೆ.”

“ಆತಲ್ಲ, ಕರಕೊಂಡ ಬರೂನು.”

“ಆಕಿ ಅತ್ತೀನ ಕೇಳವರ್ಯಾರು?”

“ನಾ ಸತ್ತೇನೇನು?” ಎಂದು ಎದೆ ತಟ್ಟಿಕೊಂಡೆ. “ಸುಣ್ಣದ ಓಣಿ ಮಾತು ನನಗ ನೀರ ಕುಡದಂಗ.”

“ಐದಕ್ಕಿಂತ ಹೆಚ್ಚಿಗಿ ಯಾರಿಗೂ ನಿಲ್ಲೂದಿಲ್ಲಲ್ಲೋ?”

“ಮಂದಿಗೆ ಅಕ್ಕಾ, ಮಂದಿಗೆ. ನವಸಾಗರದ ಹೊಗಿ ಕುಡದು ಕುಡದು ನನ್ನ ನಾಲಿಗಿ ಅಗಲ ಆಗೇತಿ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಂಬಿದಳೆಂದೇ ನಾನು ತಿಳಿದೆ. ಮರುದಿನ ನೋಡಿದರೆ ಊರ ನಡುವಿನ ಕಟ್ಟೆಯ ಮೇಲೆ ಅವಳೇ ಕೂತಿದ್ದಾಳೆ. ಅಲ್ಲಿಗೆ ಎಲ್ಲ ಓಣಿಯವರೂ ಮಾತು ಕಲಿಯಲು ಬರುತ್ತಾರೆ. ನಿಮಗೆ ಬೇಕಾದದ್ದನ್ನು ನೀವು ಅಭಿನಯಿಸಿ ತೋರಿಸಬೇಕು; ಎದುರಿಗಿದ್ದವರು ಅದನ್ನು ತಮ್ಮ ಮಾತಿನಲ್ಲಿ ಹೇಳಿಕೊಡಬೇಕು. ಹೊನ್ನವ್ವ ಸುಣ್ಣ ಮಾರುವವಳೊಬ್ಬಳ ಮುಂದೆ ಬಸುರಿಯಾಗಿ ನಡೆದಳು, ಹೆತ್ತಳು, ತೊಟ್ಟಿಲು ತೂಗಿದಳು, ಮಗಳ ಕೈಹಿಡಿದು ಎಳೆದಳು, ಕಾಲಿಗೆ ಬಿದ್ದಳು. ಸುತ್ತ ಜಾತ್ರೆ ನೆರೆಯಿತು. ಸಂಜೆಯ ಹೊತ್ತಿಗೆ ಅವಳ ಐದು ಬೆರಳಿಗೂ ಐದು ಮಾತು ಸಿಕ್ಕಿದ್ದವು. ಮೊದಲು ಅವಳಿಗಿದ್ದ ನೀರು, ದಾರಿ, ಮೈ ಸರಿಯಿಲ್ಲ ಎಲ್ಲ ಹೋದವು. ಕಿರುಬೆರಳಲ್ಲಿ ಮಗಳಿಗಾಗಿ ಇಟ್ಟುಕೊಂಡಿದ್ದ ‘ನನ್ನ ಬಂಗಾರ’ ಎಂಬುದೂ ಹೋಯಿತು. ರಾತ್ರಿ ಹೊಸ ಐದನ್ನೂ ನನಗೆ ಒಂದೊಂದಾಗಿ ಬಿಡಿಸಿ ಹೇಳಿದಳು; ಅವಳು ತುಂಬಿಸಿಕೊಂಡದ್ದೆಲ್ಲ ಬೇಡಿಕೆಯೇ.

ಒಳ್ಳೆಯ ದಿನ ನೋಡಿ ಇಬ್ಬರೂ ಹೊರಟೆವು. ಸಾವಂತ್ರಿಯ ಅತ್ತೆಯ ಹೆಸರು ಫಕೀರವ್ವ. ಬಾಗಿಲು ತುಂಬುವಂಥ ಹೆಂಗಸು. ಮೊಳಕೈವರೆಗೆ ಸುಣ್ಣ ಮೆತ್ತಿಕೊಂಡು ನಿಂತರೆ ಬಿಳಿ ಕೈಗವಸು ಹಾಕಿಕೊಂಡ ಪೈಲ್ವಾನನಂತೆ ಕಾಣುತ್ತಿದ್ದಳು. ಅವಳು ನಮ್ಮನ್ನು ಕಂಡು ನಕ್ಕು, ಕಂಬಳಿ ಹಾಸಿ, ಬೆಲ್ಲ ನೀರು ತಂದಿಟ್ಟಳು. ಸಾವಂತ್ರಿ ಒಳಗೆ ಮಲಗಿದ್ದಾಳೆಂದು ಕೈಸನ್ನೆ ಮಾಡಿದಳು. ಹೊನ್ನವ್ವ ನನ್ನ ಪಕ್ಕೆಗೆ ತಿವಿದಳು.

ನಾನು ಗಂಟಲು ಸರಿಮಾಡಿಕೊಂಡು, ಸುಣ್ಣದ ಓಣಿಯ ಮಾತಿನಲ್ಲಿ ಸ್ಪಷ್ಟವಾಗಿ ಹೇಳಿದೆ: “ಹಳೆಯ ಪಾತ್ರೆಗಳಿದ್ದರೆ ತನ್ನಿ.”

“ಏನಂದ್ಯೋ?” ಎಂದಳು ಅಕ್ಕ.

“ಎಲ್ಲಾರೂ ಆರಾಮಿದ್ದೀರೇನು ಅಂತ ಕೇಳಿದೆ.”

ಫಕೀರವ್ವ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಒಳಗೆ ಹೋಗಿ ಒಂದು ತಾಮ್ರದ ಹಂಡೆ ಎತ್ತಿಕೊಂಡು ಬಂದು ನನ್ನ ಮುಂದೆ ಇಟ್ಟಳು.

“ಹಂಡೇ ಯಾಕೋ?”

“ಇವರ ಓಣ್ಯಾಗ ಬೀಗರು ಬಂದ್ರ ಹಂಡೇ ತೋರಿಸೂದು ಪದ್ಧತಿ. ಬಾಳ ಮರ್ಯಾದಿ ಅದು.”

“ಹಂಗಾರ ನಾವೂ ಒಂದ ತರಬೇಕಾಗಿತ್ತೇನೋ!” ಎಂದು ಹೊನ್ನವ್ವ ಹಂಡೆಗೆ ಕೈ ಮುಗಿದಳು. “ಈಗ ಬಾಣಂತನದ ಮಾತ ತೆಗಿ.”

ನಾನು ಬಹಳ ವಿನಯದಿಂದ ಹೇಳಿದೆ: “ತಳ ತೂತಾಗಿದೆ.”

ಫಕೀರವ್ವ ಗಾಬರಿಯಾಗಿ ಹಂಡೆಯನ್ನು ಎತ್ತಿ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದಳು. ತೂತಿರಲಿಲ್ಲ. ಅವಳ ಮುಖ ಕೆಂಪಗಾಯಿತು. ನಾನು ಸಮಾಧಾನ ಮಾಡಲೆಂದು “ಸಂಜೆಯೊಳಗೆ ಆಗುತ್ತದೆ” ಎಂದೆ. ಅವಳು ಹೋಗಿ ಇನ್ನೆರಡು ಪಾತ್ರೆ ತಂದಿಟ್ಟಳು. “ಪಾತ್ರೆಯಲ್ಲಿ ಹುಳಿ ಇಡಬೇಡಿ” ಎಂದೆ. ಅದಕ್ಕೂ ತಲೆಯಾಡಿಸಿದಳು. ಇನ್ನು ನನ್ನ ಬಳಿ ಉಳಿದದ್ದು ‘ಬಿಸಿಯಿದೆ, ಮುಟ್ಟಬೇಡಿ’ ಎಂಬುದೊಂದೇ. ಅದನ್ನು ಬಸುರಿಯ ವಿಷಯಕ್ಕೆ ಎಲ್ಲಿ ಸೇರಿಸುವುದೆಂದು ನಾನು ಹೊಂಚು ಹಾಕುತ್ತಿರುವಾಗ ಸಾವಂತ್ರಿ ಒಳಗಿನಿಂದ ಬಂದಳು. ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ಸುತ್ತ ನೆರೆದ ಪಾತ್ರೆಗಳನ್ನು ನೋಡಿದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಇನ್ನೊಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ಮಾಮಾ ಸುಳ್ಳ ಹೇಳ್ತಾನ!”

ಹೊನ್ನವ್ವ ನನ್ನ ಕಡೆ ತಿರುಗಿದ ರೀತಿಗೆ ಆ ಹಂಡೆ ತಾನಾಗಿಯೇ ಬಿಸಿಯಾಯಿತು, ನಾನು ಕಂಡಿದ್ದೇನೆ. ನಾನು ಆಡಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸುಣ್ಣದ ಓಣಿಯ ಭಾಷೆಯೆಲ್ಲ ಆ ದಿನ ನನ್ನ ಬಾಯಿಯ ಬಾಗಿಲವರೆಗೆ ಬಂದು ನಿಂತಿತ್ತು, ಬಾಗಿಲು ಚಿಕ್ಕದಾಯಿತು.

ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ಫಕೀರವ್ವನ ಎದುರು ಕೂತಳು. ಹೆಬ್ಬೆರಳು ಹಿಡಿದುಕೊಂಡು ಅವರ ಮಾತಿನಲ್ಲಿ ಹೇಳಿದಳು: “ನನ್ನ ಮಗಳನ್ನು ಬಾಣಂತನಕ್ಕೆ ಕಳಿಸಿ.” ತೋರುಬೆರಳು ಹಿಡಿದಳು: “ಚೆನ್ನಾಗಿ ನೋಡಿಕೊಳ್ಳುತ್ತೇನೆ.” ಆಮೇಲೆ, “ಮರಳಿ ತಂದು ಬಿಡುತ್ತೇನೆ.” ಆಮೇಲೆ, “ನನಗಿರುವವಳು ಇವಳೊಬ್ಬಳೇ.” ಕೊನೆಗೆ, “ಕೈ ಮುಗಿಯುತ್ತೇನೆ.” ಮುಗಿಯಿತು. ಇನ್ನೇನೂ ಇರಲಿಲ್ಲ. ಹೊನ್ನವ್ವ ಮತ್ತೆ ಹೆಬ್ಬೆರಳಿನಿಂದ ಶುರುಮಾಡಿದಳು. ಅಷ್ಟರಲ್ಲಿ ಸಾವಂತ್ರಿ ತಾಯಿಯ ಭುಜ ಮುಟ್ಟಿ ತನ್ನ ಮಾತಿನಲ್ಲಿ ಏನೋ ಪುಟ್ಟದೊಂದನ್ನು ಹೇಳಿದಳು. ಬಹುಶಃ ಆ ಹಳೆಯ ‘ನನ್ನ ಬಂಗಾರ’ವೇ ಇರಬೇಕು. ಹೊನ್ನವ್ವನಿಗೆ ಅದು ತಿಳಿಯಲಿಲ್ಲ; ಅದಿದ್ದ ಬೆರಳಲ್ಲಿ ಈಗ ಕೈ ಮುಗಿಯುವುದು ಕೂತಿತ್ತು.

ಫಕೀರವ್ವ ಮಾತಾಡಿದಳು, ಬಹಳ ಹೊತ್ತು. ನಮಗೆ ತಿಳಿಯಲಿಲ್ಲವೆಂದು ಗೊತ್ತಾಗಿ ನಿಲ್ಲಿಸಿ, ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಸೊಸೆಯನ್ನು ತೋರಿಸಿದಳು. ತನ್ನ ಬಾಯಿಂದ ಸೊಸೆಯ ಕಿವಿಗೆ, ಸೊಸೆಯ ಬಾಯಿಂದ ತನ್ನ ಕಿವಿಗೆ ಕೈಯಾಡಿಸಿ, ದಿನವಿಡೀ ಹೀಗೇ ಮಾತು ಎಂಬಂತೆ ನಕ್ಕಳು. 

ಆಮೇಲೆ ನಮ್ಮ ಓಣಿಯ ದಿಕ್ಕಿಗೆ ಬೆರಳು ಮಾಡಿ, ಅಂಗೈಗಳ ಮೇಲೆ ಕೆನ್ನೆಯಿಟ್ಟು ಮಲಗಿದಂತೆ ಮಾಡಿದಳು. ಎದ್ದು, ಐದು ಬೆರಳು ಬಿಡಿಸಿ ಸೊಸೆಯ ಮುಂದೆ ಹಿಡಿದಳು. ಸೊಸೆಯ ಹೊಟ್ಟೆಯ ಮುಂದೆಯೂ ಹಿಡಿದಳು. ಹಿಡಿದ ಕೈಯನ್ನು ತನ್ನ ಎದೆಗೆ ಒತ್ತಿಕೊಂಡಳು.

ಹೊನ್ನವ್ವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗಳು ಇಲ್ಲಿಂದ ಹೋಗಿ ಮರಳಿದರೆ ಈ ಹೆಂಗಸಿಗೂ ಉಳಿಯುವುದು ಐದೇ. ಮೊಮ್ಮಗುವಿನ ಹತ್ತಿರವೂ ಐದೇ.

ಆದರೂ ತಾಯಿಯ ಜೀವ, ಗಟ್ಟಿಯಾಗಿಯೇ ಕೂತಿತ್ತು. ಫಕೀರವ್ವ ಅದನ್ನು ಕಂಡಳು. ತನ್ನ ಬಲಗೈ ಬಿಡಿಸಿ ಹೊನ್ನವ್ವನ ಮಡಿಲಲ್ಲಿ ಇಟ್ಟು, ಒಂದೊಂದೇ ಬೆರಳು ಮಡಚುತ್ತ, ನಮ್ಮ ಹುಣಸೆ ಓಣಿಯ ಮಾತಿನಲ್ಲಿ, ತಪ್ಪಿಲ್ಲದೆ ಹೇಳಿದಳು:

“ಉಂಡೇನ ಮಗಳ? ಅಂಜಬ್ಯಾಡ. ಸಾಕಾತು, ಮಕ್ಕೋ ಇನ್ನ. ನಾ ಅದೀನಿ.” ಕಿರುಬೆರಳ ಹತ್ತಿರ ತಡೆದು, ಸಾವಂತ್ರಿಯ ಕಡೆ ಒಮ್ಮೆ ನೋಡಿ, ಅದನ್ನೂ ಮಡಚಿದಳು. “ಅವ್ವನ ನೆನಪಾತೇನ?”

ಹೊಸ ಮದುಮಗಳ ನಾಲಿಗೆ ಹೊರಳುವವರೆಗೆ, ಆ ಮೊದಲ ಚಳಿಗಾಲ ಬೇಸಿಗೆಯಲ್ಲಿ, ಆಕೆ ಇವಿಷ್ಟನ್ನೇ ಇಟ್ಟುಕೊಂಡು ಹುಡುಗಿಯನ್ನು ಸಾಕಿದ್ದಳು. ನೀರು, ದಾರಿ, ಎಷ್ಟು, ಎಲ್ಲವನ್ನೂ ಎಸೆದುಬಿಟ್ಟಿದ್ದಳು. ಅದಕ್ಕೇ ಈ ಬೀಗಿತ್ತಿ ಒಂದು ಹಬ್ಬಕ್ಕೂ ನಮ್ಮ ಮನೆಗೆ ಬಂದಿರಲಿಲ್ಲ; ಬಂದಿದ್ದರೆ ಬಾಯಾರಿದೆ ಎನ್ನಲೂ ಅವಳ ಬಳಿ ಮಾತಿರಲಿಲ್ಲ. ನಾವೋ, ಸೊಕ್ಕು ಎಂದು ಆಡಿಕೊಂಡಿದ್ದೆವು.

ಹೊನ್ನವ್ವ ಆ ಸುಣ್ಣದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡು ಅತ್ತಳು. ಕಣ್ಣಿಗೆ ಸುಣ್ಣ ಹೋಗಿ ಇನ್ನಷ್ಟು ಅತ್ತಳು. ಫಕೀರವ್ವ ಅತ್ತಳು. ಸಾವಂತ್ರಿ ಅತ್ತಳು. ನಾನು ಗಂಡಸು, ಅಳಲಿಲ್ಲ. ಆದರೆ ನನ್ನ ಮುಂದಿದ್ದ ಹಂಡೆ ಹೇಗೋ ಅರ್ಧ ತುಂಬಿತ್ತು.

ಮುಖ ತೊಳೆದುಕೊಂಡು ಬಂದವಳೇ ಅಕ್ಕ ಹೇಳಿದಳು, “ತಮ್ಮಾ, ಹುಡುಗಿ ಇಲ್ಲೇ ಇರ್ಲಿ. ನಾನ ಇಲ್ಲಿಗೆ ಬರ್ತೀನಿ.”

“ಯಾವಾಗ?”

“ಚಳಿಗಾಲ ಶುರು ಆದ ಕೂಡ್ಲೆ. ಬಾಣಂತನ ಇಲ್ಲೇ ಮಾಡ್ತೀನಿ. ಬ್ಯಾಸಿಗೀನೂ ಇಲ್ಲೇ.”

“ಅಕ್ಕಾ! ನಿನ್ನ ನಾಲಿಗಿ ಹೊಳ್ಳತೈತಿ.”

“ಹೊಳ್ಳಲಿ. ಅದಕ್ಕ ಬರಾಕತ್ತೀನಿ. ಆಕಿದು ಇತ್ತ ಹೊಳ್ಳೂದ ಬ್ಯಾಡಂದ್ರ ನಂದು ಅತ್ತ ಹೊಳ್ಳಲಿ. ಎಲ್ಲೆರೆ ಕೂಡಿದ್ರಾತು.”

“ಮತ್ತ ಹೊಳ್ಳಿ ಮನೀಗೆ ಬರ್ತೀಯೇನು?”

“ಮೊಮ್ಮಗನೋ ಮೊಮ್ಮಗಳೋ ತೊಡೀ ಮ್ಯಾಲ ಕೂತ ಮ್ಯಾಲ ಯಾರ ಏಳತಾರೋ?”

ನಾನು ಕೈಯಲ್ಲಿದ್ದ ಬೆಲ್ಲದ ಚೂರನ್ನು ಕೆಳಗಿಟ್ಟೆ. “ಹಂಗಾರ ನಾ ಯಾರ ಕೂಡ ಮಾತಾಡ್ಲಿ?”

“ನಿನಗ ಮಾತಾಡಾಕ ಎದುರಿಗೆ ಮನಶ್ಯಾರು ಎದಕ್ಕೋ? ಗ್ವಾಡಿ ಇದ್ರ ಸಾಕು” ಎಂದಳು. ನಕ್ಕೇ ಹೇಳಿದಳು. ಆದರೆ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಸಣ್ಣವನಿದ್ದಾಗ ಸಂತೆಯಲ್ಲಿ ಹಿಡಿದುಕೊಳ್ಳುತ್ತಿದ್ದಂತೆ ಹಿಡಿದುಕೊಂಡೇ ನಡೆದಳು.

ಚಳಿಗಾಲ ಬಂತು, ಅವಳು ಹೋದಳು. ಹೊರಡುವ ಮೊದಲು ಉಳಿಸಿಕೊಳ್ಳಲು ಯೋಗ್ಯವಾದ ಐದು ಮಾತುಗಳನ್ನು ನಾನೇ ಆರಿಸಿ ಕೊಟ್ಟೆ: ‘ನನ್ನ ತಮ್ಮನಂಥ ಜಾಣ ಇಲ್ಲ’, ‘ಅವನು ಹೇಳಿದ್ದು ಹೌದು’, ಹೀಗೆ ಬಹಳ ಉಪಯೋಗದವು. “ಹೋಗೋ ಭಾಡ್ಯಾ” ಎಂದು ಶಾವಿಗೆಯ ಮಣೆಯನ್ನು ನನ್ನ ತಲೆಯ ಮೇಲೆ ಹೊರಿಸಿದಳು. ನಾನು ಅದನ್ನು ಸುಣ್ಣದ ಓಣಿಯವರೆಗೆ ಹೊತ್ತು ಬಿಟ್ಟುಬಂದೆ.

ಮೊದಮೊದಲು ನಾನು ಹೋದಾಗಲೆಲ್ಲ ಅವಳು ಮೊದಲಿನಂತೆಯೇ ಇದ್ದಳು. ಹೆಣ್ಣುಕೂಸು ಹುಟ್ಟಿತು. ಆ ಕೂಸು ಅತ್ತ ದನಿಗೆ ಸುಣ್ಣದ ಭಟ್ಟಿಗಳು ತಾವಾಗಿಯೇ ಹೊತ್ತಿಕೊಂಡವು. ಆಮೇಲೊಮ್ಮೆ ಹೋದಾಗ ಅಕ್ಕನ ಬಾಯಲ್ಲಿ ಬೈಗುಳಗಳಿರಲಿಲ್ಲ. ಅದು ನನಗಾದ ಮೊದಲ ನಷ್ಟ. ಮುಂದೊಮ್ಮೆ ಹೋದಾಗ ನಮ್ಮ ತಾಯಿಯ ಹೆಸರು ಹೇಳಿ ಮಾತು ಶುರುಮಾಡಿದವಳು ಮುಂದೆ ಹೋಗಲಾರದೆ ನನ್ನ ಮುಖ ನೋಡಿದಳು. ನಾನು ಮನೆಗೆ ಬಂದು ಗೋಡೆಗೆ ಕಥೆ ಹೇಳಿದೆ. ಗೋಡೆ ಕೆಟ್ಟದ್ದೇನಲ್ಲ. ತಿಂಗಳೊಪ್ಪತ್ತಿನಲ್ಲಿ ನನ್ನ ಕಥೆಗೆ ಮೈಮೇಲಿನ ಗಾರೆಯನ್ನೆಲ್ಲ ಉದುರಿಸುವಷ್ಟು ನಗುವುದನ್ನು ಕಲಿಯಿತು. ಆದರೂ ಗೋಡೆ ಗೋಡೆಯೇ.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ದಿನ ಸುಣ್ಣದ ಓಣಿಗೆ ಹೋದವನು ಬಾಗಿಲ ಹೊರಗೇ ನಿಂತೆ. ಒಳಗೆ ತಾಯಿ ಮಗಳು ಮಾತಾಡುತ್ತಿದ್ದರು. ಸಾಸಿವೆಯೆಂದರೆ ಸಾಸಿವೆ, ಒಂದು ಮದುವೆಯ ಒಗ್ಗರಣೆಗಾಗುವಷ್ಟು! ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಯಾರೂ ಯಾರದನ್ನೂ ಕೇಳುತ್ತಿರಲಿಲ್ಲ. ನಡುವೆ ಜಗಳವಾಡಿದರು, ಮತ್ತೆ ನಕ್ಕರು. ಫಕೀರವ್ವ ಹೊರಗಿನಿಂದ ಒಂದು ಮಾತು ಎಸೆದಳು. ಇಬ್ಬರೂ ಸೇರಿ ಅವಳ ಮೇಲೆ ಬಿದ್ದರು. ಒಂದಕ್ಷರವೂ ನನಗೆ ತಿಳಿಯಲಿಲ್ಲ. ನಾನು ಒಳಗೆ ಹೋಗದೆ, ಹಾಗೇ ಹಿಂದಿರುಗಿ ನೇರ ಊರ ನಡುವಿನ ಕಟ್ಟೆಗೆ ಬಂದು ಕೂತೆ.

ಅಲ್ಲಿ ಕೂತು ಆ ಓಣಿಯ ನನ್ನ ಕಸುಬಿನ ಐದೂ ಮಾತುಗಳನ್ನು ಕೈ ಕೊಡವಿ ಬಿಸಾಕಿದೆ. ಬೇರೆ ಐದನ್ನು ತುಂಬಿಸಿಕೊಂಡೆ. ಅಭಿನಯಿಸಿ ಕಲಿಯಲು ಬಹಳ ಕಷ್ಟವಾಯಿತು, ಮುಖ್ಯವಾಗಿ ಆನೆ. ಆದರೆ ಪರಭಾಷೆಯ ಓಣಿಗೆ ಹೋಗುವ ನನ್ನಂಥವನಿಗೆ ಇವುಗಳಿಗಿಂತ ಅಗತ್ಯದ ಮಾತುಗಳಿಲ್ಲ, ಬೇಕಾದರೆ ನೀವೂ ಕಲಿತಿಟ್ಟುಕೊಳ್ಳಿ: ‘ಅದು ಆನೆಗಿಂತ ದೊಡ್ಡದು.’ ‘ಎಲ್ಲರೂ ಓಡಿಹೋದರು.’ ‘ನಾನೊಬ್ಬನೇ ನಿಂತೆ.’ ‘ಆಗ ನಾನು ಏನು ಮಾಡಿದೆ ಗೊತ್ತೇ?’ ‘ಇದು ಸತ್ಯ.’ ಜಗತ್ತಿನಲ್ಲಿ ನಡೆದ, ನಡೆಯಬಹುದಾದ ಯಾವ ಕಥೆಯನ್ನಾದರೂ ಇವುಗಳಲ್ಲಿ ಹೇಳಿ ಮುಗಿಸಬಹುದು. ಸುಣ್ಣದ ಓಣಿಯಲ್ಲಿ ನನಗೀಗ ಕಲಾಯಿಯ ಕೆಲಸ ಸಿಗುವುದಿಲ್ಲ ನಿಜ. ಹೆಂಗಸರು ಪಾತ್ರೆ ತಂದು ತೋರಿಸಿದರೆ ‘ಎಲ್ಲರೂ ಓಡಿಹೋದರು’ ಎನ್ನಬೇಕಾಗುತ್ತದೆ; ಅವರೂ ಓಡಿಹೋಗುತ್ತಾರೆ.

ಮರುದಿನ ಮಧ್ಯಾಹ್ನ ಮತ್ತೆ ಹೋದೆ. ಹೊನ್ನವ್ವ ಬಾಗಿಲಿಗೆ ಬಂದು ನನ್ನ ಎರಡೂ ಕೈಗಳನ್ನು ಹಿಡಿದು, ಅಂಗೈ ಮೇಲೆಮಾಡಿ ನೋಡಿದಳು.

“ಕೈ ಸುಟ್ಟಕೊಂಡಿಲ್ಲ ಹೌದಿಲ್ಲೋ?” ಎಂದಳು ನಮ್ಮ ಮಾತಿನಲ್ಲಿ. ಕೆಂಡದ ಮುಂದೆ ಕೂರುವ ತಮ್ಮನಿಗಾಗಿ ಐದರಲ್ಲೊಂದನ್ನು ಇಟ್ಟುಕೊಂಡಿದ್ದಳು. “ಬಾ, ಉಣ್ಣು” ಎಂದಳು. ಅದು ಇನ್ನೊಂದು. ಉಣ್ಣುವಷ್ಟು ಹೊತ್ತು ಇಬ್ಬರೂ ಮಾತಿಲ್ಲದೆ ಕೂತಿದ್ದೆವು. ನನ್ನ ಜನ್ಮದಲ್ಲಿ ನಾನು ಸುಮ್ಮನಿದ್ದು ಉಂಡ ಊಟ ಅದೊಂದೇ.

ಕೈತೊಳೆದು ಬಂದು ಪಡಸಾಲೆಯ ನಡುವೆ ನಿಂತೆ. ಹೊನ್ನವ್ವ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಪಕ್ಕದಲ್ಲಿ ಸಾವಂತ್ರಿ, ಕಂಬಕ್ಕೊರಗಿ ಫಕೀರವ್ವ. ಅಕ್ಕ ಹೋದ ಮೇಲೆ ನಮ್ಮ ಅಡುಗೆಮನೆಗೆ ನುಗ್ಗಿದ ಹೆಗ್ಗಣದ ಕಥೆ ಶುರುಮಾಡಿದೆ. ನಾಲ್ಕು ಕಾಲಲ್ಲಿ ನಡೆದು, ಮೀಸೆ ಅಲುಗಿಸಿ, ಹಿಟ್ಟಿನ ಡಬ್ಬಿ ಬೀಳಿಸಿ ತೋರಿಸಿದೆ. “ಅದು ಆನೆಗಿಂತ ದೊಡ್ಡದು” ಎಂದೆ. ಫಕೀರವ್ವ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಓಣಿಯ ಗಂಡಸರು ಬಡಿಗೆ ಹಿಡಿದು ಬಂದರು. “ಎಲ್ಲರೂ ಓಡಿಹೋದರು.” ಓಡಿದೆ. “ನಾನೊಬ್ಬನೇ ನಿಂತೆ.” ನಿಂತೆ. “ಆಗ ನಾನು ಏನು ಮಾಡಿದೆ ಗೊತ್ತೇ?” ಎಂದು ಫಕೀರವ್ವನ ಹಂಡೆಯನ್ನೇ ಎತ್ತಿ ಹೆಗ್ಗಣದ ಮೇಲೆ ಕವುಚಿ, ಅದರ ಮೇಲೆ ಹಾರಿ ಕೂತೆ. ಒಳಗೆ ಹೆಗ್ಗಣ ಗುದ್ದಾಡಿತು, ನಾನು ಮೇಲೆ ಕುಣಿದೆ, ಕೊನೆಗೆ ಅದು ಉಸಿರು ಬಿಟ್ಟಿತು. ಹಂಡೆ ಎತ್ತಿ, ಬಾಲ ಹಿಡಿದು, ಹೊರಗೆ ಎಸೆದೆ. ಎದೆಯ ಮೇಲೆ ಕೈಯಿಟ್ಟು ಹೇಳಿದೆ: “ಇದು ಸತ್ಯ.”

ಸಾವಂತ್ರಿ ನಕ್ಕು ನಕ್ಕು ನೆಲಕ್ಕೆ ಒರಗಿದ್ದಳು. ಫಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ನೋಡುತ್ತಿದ್ದದ್ದು ಅಕ್ಕನನ್ನು. ಅವಳು ನಗಲಿಲ್ಲ. ಕೂಸಿನ ಬೆನ್ನು ತಟ್ಟುತ್ತಿದ್ದ ಕೈ ನಿಂತಿತ್ತು. ಮಣೆಯ ಮುಂದೆ ಶಾವಿಗೆ ಹೊಸೆಯುತ್ತ ಕೇಳುತ್ತಿದ್ದಾಗಿನಂತೆಯೇ ತಲೆಯನ್ನು ಒಂದು ಪಕ್ಕಕ್ಕೆ ಓರೆಮಾಡಿ, ನನ್ನ ಬಾಯನ್ನೇ ನೋಡುತ್ತ, ನಮ್ಮ ಹುಣಸೆ ಓಣಿಯ ಅಚ್ಚ ಮಾತಿನಲ್ಲಿ ಕೇಳಿದಳು:

“ಹೂಂ, ಆಮ್ಯಾಲೇನಾತೋ?”

ಇಡೀ ಭಾಷೆ ಕರಗಿ ಹೋಗುವಾಗ ಅವಳು ಕೈ ಹಾಕಿ ಹಿಡಿದಿಟ್ಟುಕೊಂಡದ್ದರಲ್ಲಿ ಅದೂ ಒಂದು. ಉಳಿದ ಎರಡು ಯಾವುವೆಂದು ನನಗೆ ಇವತ್ತಿಗೂ ತಿಳಿದಿಲ್ಲ, ನಾನೂ ಕೇಳಿಲ್ಲ.

ಆಮೇಲೇನೂ ಆಗಿರಲಿಲ್ಲ. ಹೆಗ್ಗಣ ಸತ್ತಿತ್ತು, ಕಥೆ ಮುಗಿದಿತ್ತು. ಆದರೆ ಅಕ್ಕ ಕೇಳಿದ ಮೇಲೆ ಇಲ್ಲವೆನ್ನುವುದು ಹೇಗೆ? ನಾನು ಬಾಗಿಲಿಗೆ ಹೋಗಿ, ಎಸೆದಿದ್ದ ಹೆಗ್ಗಣವನ್ನು ಬಾಲ ಹಿಡಿದು ಒಳಗೆ ಎಳೆದುಕೊಂಡು ಬಂದೆ. ಅದರ ಮೂಗಿಗೆ ಉಫ್ ಎಂದು ಊದಿ, ಮೀಸೆ ತಿರುವಿ, ನಾಲ್ಕೂ ಕಾಲಿನ ಮೇಲೆ ಎಬ್ಬಿಸಿ ನಿಲ್ಲಿಸಿದೆ.